ಸಾಮೂಹಿಕ ಕೈತೋಟದಲ್ಲಿ ಜಗಳ ಹುಟ್ಟುವ ಜಾಗಗಳು

ನಾಲ್ಕಾರು ಭಾಷೆಯವರಿರುವ ಬಡಾವಣೆಯ ಪಾರ್ಕಿಗೆ ಬೆಂಚು ಹಾಕಿಸಿದರೆ ತಮಿಳರದೊಂದು ಬೆಂಚು, ಬಂಗಾಳಿಗಳದೊಂದು ಬೆಂಚು. ವರ್ಷ ಕಳೆದರೂ ಮಾತಿಲ್ಲ. ಅದೇ ಮೂಲೆಯಲ್ಲಿ ಮಡಿ ಮಾಡಿಸಿ (ತರಕಾರಿ ಮಡಿ, ಮೈಲಿಗೆಯ ಜೋಡಿಯಲ್ಲ), ಗುದ್ದಲಿ ಕೇಳುವುದಕ್ಕಾದರೂ ಪಕ್ಕದವರ ಹತ್ತಿರ ಹೋಗಲೇಬೇಕು. ಬೆಂಗಳೂರಿನಲ್ಲಿ ಇಂಥ ತೋಟ ಹಾಕಿಕೊಡುವ ಕೆಲಸದಲ್ಲಿ ಕಲಿತದ್ದು ಇಲ್ಲಿದೆ.

ಎಲ್ಲರಿಗೂ ಒಂದೇ ಅಳತೆ: 4 ಅಡಿ ಅಗಲ, 8 ಅಡಿ ಉದ್ದ. ಎರಡೂ ಬದಿಯಿಂದ ಕೈ ಎಟುಕುತ್ತದೆ, ಮಣ್ಣು ತುಳಿಯಬೇಕಿಲ್ಲ. ನಡುವೆ 2 ಅಡಿ ದಾರಿ. ಹಂಚುವುದು ಚೀಟಿ ಎತ್ತಿಯೇ. ಬೇಕಾದಲ್ಲಿ ಆರಿಸಿಕೊಳ್ಳಿ ಅಂದಿರೋ, ಮತ್ತದೇ ಬೆಂಚಿನ ಕತೆ. ಸಮಾನರಾಗಿ ನಿಂತು ಒಂದೇ ಗುರಿಗೆ ದುಡಿದಾಗ ಪೂರ್ವಗ್ರಹ ತಗ್ಗುತ್ತದೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದಾರೆ.

ಮೊದಲ ತಕರಾರು ನಲ್ಲಿಯದು. ಉದ್ದ ಪೈಪ್ ಇಟ್ಟರೆ ಮೊದಲು ಬಂದವರದೇ ನೀರು. ಬೇಸಿಗೆಯಲ್ಲೂ ಒಂದು ಮಡಿಗೆ ದಿನಕ್ಕೆ ಸುಮಾರು 15 ಲೀಟರ್ ಸಾಕು. ಪೈಪ್ ತೆಗೆದು 10 ಲೀಟರಿನ ರೋಸ್ ಕ್ಯಾನ್ (ತೂತುಬಾಯಿಯ ನೀರಿನ ಡಬ್ಬಿ) ಇಡಿ. ಒಂದೂವರೆ ಕ್ಯಾನ್ ಅಂದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

ಗೊಬ್ಬರದ ಗುಂಡಿ ಇನ್ನೂ ಸೂಕ್ಷ್ಮ. ನಾತ ಬಂದ ದಿನ "ಯಾರ ಮನೆ ಕಸ ಇದು?" ಅನ್ನುವ ಮಾತೆದ್ದು, ಬೆರಳು ಮೀನು-ಮಾಂಸ ತಿನ್ನುವವರ ಕಡೆ ತಿರುಗುತ್ತದೆ. ನಿಜವಾಗಿ ಬಹುಪಾಲು ನಾತ ಬರುವುದು ಹಸಿ ಹೆಚ್ಚಾಗಿ ಗಾಳಿಯಾಡದೆ. ಒಂದು ಬಕೆಟ್ ಹಸಿಕಸಕ್ಕೆ ಎರಡು ಬಕೆಟ್ ಒಣ ಎಲೆ ಹಾಕಿ, ವಾರಕ್ಕೊಮ್ಮೆ ಮಗುಚಿ. ಎಲೆ ಉದುರುವ ಜನವರಿ-ಫೆಬ್ರುವರಿಯಲ್ಲೇ ಚೀಲ ತುಂಬಿಡದಿದ್ದರೆ ಮಳೆಗಾಲದಲ್ಲಿ ಪರದಾಟ. ಬೋರ್ಡಿನಲ್ಲಿ "ಮಾಂಸ ಹಾಕಬಾರದು" ಎಂದಷ್ಟೇ ಬರೆದರೆ ಅದು ಒಬ್ಬರ ಅಡುಗೆಮನೆ ಮೇಲೆ ಕೊಟ್ಟ ತೀರ್ಪಾಗುತ್ತದೆ. "ಮೂಳೆ, ಸಾರು, ಮೊಸರನ್ನ, ಎಣ್ಣೆ: ಬೇಯಿಸಿದ್ದು ಯಾವುದೂ ಬೇಡ, ಇಲಿ ಬರುತ್ತವೆ" ಎಂದು ಬರೆಸಿ. ಇಲಿಗೆ ಮೊಸರನ್ನವೂ ಒಂದೇ, ಮೂಳೆಯೂ ಒಂದೇ.

ಮೊದಲ ಬೆಳೆಗೆ ಬಸಳೆ ಒಳ್ಳೆಯದು. ಮಂಗಳೂರಿನವರ ಬಸಳೆಯೇ ಬಂಗಾಳಿಗಳ ಪುಯಿ ಶಾಕ್. ಗೇಣುದ್ದದ ಕಡ್ಡಿ ಕತ್ತರಿಸಿ ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಟ್ಟರೆ ಎರಡು ವಾರದಲ್ಲಿ ಚಿಗುರುತ್ತದೆ. ಚಪ್ಪರ ತೋಟದ ಉತ್ತರದ ಅಂಚಿಗಿರಲಿ, ಇಲ್ಲದಿದ್ದರೆ ಪಕ್ಕದವರ ಕೊತ್ತಂಬರಿಗೆ ನೆರಳಾಗಿ ಹೊಸ ರಗಳೆ. ಮಂಗಳೂರಿನವರೂ ಬಂಗಾಳಿಗಳೂ ಬಸಳೆಯನ್ನು ಸೀಗಡಿ ಹಾಕಿ ಬೇಯಿಸುವವರೇ ಎನ್ನುವುದು ಹೊರಬೀಳುವುದು ಕಡ್ಡಿ ಹಂಚಿಕೊಳ್ಳುವಾಗ.