ಕೇಸ್ ಶೀಟ್‌ನಲ್ಲಿ ಬರೆದ 3:20

ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ಡಾಕ್ಟರ್ ಆಗಿದ್ದೇನೆ. ಸುತ್ತ ತೊಗರಿ, ಹತ್ತಿ ಹೊಲ. ಕಾಲುವೆ ನೀರು ಸಿಗುವ ಕಡೆ ಭತ್ತ. ಮಳೆ ಹಿಡಿದರೆ ಹಾವು ಕಡಿದವರು ಬರೋಕೆ ಶುರು. ಇಲ್ಲಿಗೆ ಬರುವ ಮೊದಲು ನನ್ನ ರಿಜಿಸ್ಟ್ರೇಷನ್ ಒಂದು ವರ್ಷ ಅಮಾನತಾಗಿತ್ತು. ಮೊದಲ ವಾರವೇ ಇದು ನಮ್ಮ ಫಾರ್ಮಾಸಿಸ್ಟ್‌ಗೆ ಗೊತ್ತಾಯಿತು. ಅಂದಮೇಲೆ ಊರಿಗೂ ಗೊತ್ತು ಅನ್ನಿ.

ಆಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಬೆಳಗಿನ ಜಾವ ಮೂರರ ಮೇಲೆ ಒಬ್ಬ ಕೂಲಿ ಹೆಣ್ಣುಮಗಳನ್ನು ಕರೆತಂದರು. ನೆಲದ ಮೇಲೆ ಮಲಗಿದ್ದವಳು ಹೊಟ್ಟೆನೋವು, ವಾಂತಿ ಅಂತ ಎದ್ದಿದ್ದಳು. ಸಿಸ್ಟರ್ ಇಂಟರ್‌ಕಾಮ್‌ನಲ್ಲಿ ಕರೆದಾಗ ನನ್ನ ಕೈಯಲ್ಲಿ ಮೊಬೈಲ್ ಇತ್ತು. ಆ ಕಡೆ ನಾನು ಮದುವೆಯಾಗಬೇಕಿದ್ದ ಹುಡುಗಿ. ಅವಳೂ ಡಾಕ್ಟರ್, ಬೀದರ್‌ನಲ್ಲಿ ಅವಳಿಗೂ ನೈಟ್ ಡ್ಯೂಟಿ. ದೊಡ್ಡ ವಿಷಯವೇನಲ್ಲ, ಕಲ್ಯಾಣ ಮಂಟಪದ ಮಾತು ನಡೆದಿತ್ತು. 'ಗ್ಯಾಸ್ಟ್ರಿಕ್ ಇರಬೇಕು, ಪ್ಯಾಂಟೊಪ್ರಜೋಲ್ ಕೊಡಿ, ಬರ್ತೀನಿ' ಅಂದೆ.

ಹೋಗಿದ್ದು ಐದಕ್ಕೆ. ಆ ಹೊತ್ತಿಗೆ ಅವಳಿಗೆ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಕತ್ತು ನಿಲ್ಲುತ್ತಿರಲಿಲ್ಲ. ಕಟ್ಟುಹಾವು ಕಡಿದಿತ್ತು.

ಈ ಹಾವಿನ ಹಲ್ಲು ಬಹಳ ಸಣ್ಣದು. ಕಡಿದ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ಕೊಳಕುಮಂಡಲದ ಹಾಗೆ ಬಾವು ಬರಲ್ಲ, ರಕ್ತ ಸೋರಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಹಾಸಿಗೆಯಲ್ಲೇ ಕಡಿಯುತ್ತದೆ, ಎಷ್ಟೋ ಜನಕ್ಕೆ ಎಚ್ಚರವೂ ಆಗಲ್ಲ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ, ಆಮೇಲೆ ಉಸಿರು. ಇದೆಲ್ಲ ಎಂಬಿಬಿಎಸ್‌ನಲ್ಲಿ ಓದಿದ್ದೇ. ಆದರೆ ಓದಿದ್ದು ನೆನಪಾಗಬೇಕಾದರೆ ರೋಗಿಯ ಮುಂದೆ ಹೋಗಿ ನಿಲ್ಲಬೇಕಲ್ವಾ?

ಅವಳು ಉಳಿಯಲಿಲ್ಲ. ನಾನು ಕೇಸ್ ಶೀಟ್ ತೆಗೆದುಕೊಂಡು 'ರೋಗಿಯನ್ನು 3:20ಕ್ಕೆ ಪರೀಕ್ಷಿಸಲಾಗಿದೆ' ಅಂತ ಬರೆದೆ. ಕೈ ನಡುಗಲೂ ಇಲ್ಲ. ಸಿಸ್ಟರ್ ತಮ್ಮ ನೋಟ್ಸ್‌ನಲ್ಲಿ ಆಗಲೇ '3:20, ಡಾಕ್ಟರಿಗೆ ಫೋನಿನಲ್ಲಿ ತಿಳಿಸಲಾಗಿದೆ' ಅಂತ ಬರೆದಿದ್ದರು. ಒಂದೇ ಫೈಲಿನಲ್ಲಿ ಎರಡು 3:20. ವಿಚಾರಣೆಯಲ್ಲಿ ಜಾಸ್ತಿ ಹೊತ್ತು ಹಿಡಿಯಲಿಲ್ಲ.

ಅದಕ್ಕೂ ಮೊದಲು ಬೀದರ್‌ನ ನನ್ನ ಹುಡುಗಿಗೆ ಹೇಳಿದ್ದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡೇ ಹೇಳಿದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, '3:20ಕ್ಕೆ ನೀನು ನನ್ನ ಜೊತೆ ಮಾತಾಡ್ತಿದ್ದೆ' ಅಂದಳು. ಅಷ್ಟೇ. ಹೋಗಿ ನೋಡದೇ ಇದ್ದದ್ದನ್ನು ಅವಳು ಸಹಿಸುತ್ತಿದ್ದಳೇನೋ, ನನಗೆ ಹಾಗನ್ನಿಸುತ್ತದೆ. ನಮ್ಮಿಬ್ಬರ ಆ ಮಾತಿನ ಮೇಲೆ ನಾನು ಸುಳ್ಳನ್ನು ಬರೆದಿದ್ದೆ, ಅದು ಆಗಲಿಲ್ಲ. ಎರಡು ವಾರಕ್ಕೆ ಮಂಟಪದ ಅಡ್ವಾನ್ಸ್ ವಾಪಸ್ ಕೇಳಲು ಅಪ್ಪ ಒಬ್ಬರೇ ಹೋದರು.

ಹೋದ ಮಳೆಗಾಲ ರಾತ್ರಿ 2:40ಕ್ಕೆ ನಮ್ಮ ಕೇಂದ್ರಕ್ಕೆ ಎಂಟು ವರ್ಷದ ಹುಡುಗ ಬಂದ. 'ಸಂಜೀಗಿ ಮಿರ್ಚಿ ಭಜಿ ತಿಂದಾನ್ರಿ ಸರ, ಅದಕ್ಕ ಹೊಟ್ಟಿ ನೋವ ಹತ್ತ್ಯಾದ' ಅಂದ ಅವರಪ್ಪ.

'ಎಲ್ಲಿ ಮಲಗಿದ್ದ?'

'ನೆಲದ ಮ್ಯಾಗ್ರಿ.'

ಬೆರಳು ತೋರಿಸಿ 'ಮ್ಯಾಲ ನೋಡು' ಅಂದೆ. ಕಣ್ಣು ಮೇಲೆ ಹೋಯಿತು, ರೆಪ್ಪೆ ಅರ್ಧಕ್ಕೇ ನಿಂತಿತು. ಒಂದೇ ಉಸಿರಿನಲ್ಲಿ ಎಣಿಸು ಅಂದರೆ ಒಂಬತ್ತಕ್ಕೆ ನಿಲ್ಲಿಸಿದ. ಐದು ನಿಮಿಷ ಬಿಟ್ಟು ಎಣಿಸಿದರೆ ಆರು.

ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಹತ್ತು ವಯಲ್ ತೆಗೆದೆವು. ಮಗು ಅಂತ ಡೋಸ್ ಕಡಿಮೆ ಮಾಡುವಂತಿಲ್ಲ. ಹಾವು ವಯಸ್ಸು ನೋಡಿ ಕಡಿಯಲ್ಲ. ಪುಡಿಗೆ ನೀರು ಹಾಕಿ ವಯಲ್ ಅನ್ನು ಮೆಲ್ಲಗೆ ತಿರುಗಿಸಬೇಕು. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಗಡಿಬಿಡಿಯ ರಾತ್ರಿಯಲ್ಲಿ ಇಷ್ಟು ನಿಧಾನವಾಗಿ ಮಾಡಬೇಕಾದ ಕೆಲಸ ಇನ್ನೊಂದಿಲ್ಲ. ರಿಯಾಕ್ಷನ್ ಆದರೆ ಇರಲಿ ಅಂತ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕಕ್ಕಿಟ್ಟೆವು. ಕಟ್ಟುಹಾವಿನ ವಿಷ ಒಮ್ಮೆ ನರದ ತುದಿಗೆ ಕೂತರೆ ಎಎಸ್‌ವಿ ಅದನ್ನು ಕೀಳಲಾರದು. ಮುಂದೆ ಉಳಿಸುವುದು ವೆಂಟಿಲೇಟರ್. 108ಕ್ಕೆ ಫೋನ್ ಮಾಡಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು ನಾನೇ ಆಂಬುಲೆನ್ಸ್ ಹತ್ತಿದೆ. ಅರ್ಧ ದಾರಿಯಿಂದ ಯಾದಗಿರಿ ಜಿಲ್ಲಾಸ್ಪತ್ರೆಯವರೆಗೆ ಕೈಯಲ್ಲೇ ಉಸಿರು ಕೊಟ್ಟಿದ್ದು. ಮೂರು ದಿನ ವೆಂಟಿಲೇಟರ್‌ನಲ್ಲಿದ್ದು ಹುಡುಗ ಮನೆಗೆ ಬಂದ. ಈಗ ಅವರ ಮನೆಯಲ್ಲಿ ಎಲ್ಲರೂ ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಹಾಸಿಗೆಯಡಿ ಸೇರಿಸಿ ಮಲಗುತ್ತಾರೆ.

ಇದಾದ ಮೇಲೆ ಆ ಹೆಣ್ಣುಮಗಳ ಲೆಕ್ಕ ಚುಕ್ತಾ ಆಯಿತು ಅಂತ ನನಗೆ ಅನ್ನಿಸಿಲ್ಲ. ಬೀದರ್‌ಗೆ ಮೆಸೇಜ್ ಮಾಡೋಣ ಅಂತ ಒಮ್ಮೆ ಟೈಪ್ ಮಾಡಿ ಅಳಿಸಿದೆ. ಅವಳಿಗೆ ಮದುವೆಯಾಗಿದೆ.

ಆ ಬೆಳಿಗ್ಗೆ ವಾಪಸ್ ಬಂದು ಕಾಗದ ಪತ್ರ ಮುಗಿಸಲು ಕೂತೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕು. ಹುಡುಗ ಬಂದದ್ದು 2:40, ನಾನು ನೋಡಿದ್ದು 2:52. ಕ್ವಾರ್ಟರ್ಸ್‌ನಲ್ಲಿ ಗಾಢ ನಿದ್ದೆ, ಮೊದಲ ಸಲ ಬಾಗಿಲು ಬಡಿದದ್ದು ಕೇಳಿಸಿರಲಿಲ್ಲ. ಎರಡೂ ಸಮಯ ಬರೆದೆ. ಪಕ್ಕದಲ್ಲಿದ್ದ ಸಿಸ್ಟರ್ ಬಗ್ಗಿ ನೋಡಿದರು.

'ಹನ್ನೆರಡು ನಿಮಿಷ ತಡ ಆಗಿದ್ದೂ ಬರೀತೀರೇನ್ರಿ ಸರ?'

'ಹೌದ್ರಿ' ಅಂದೆ. ಅವರು ತಮ್ಮ ರಿಜಿಸ್ಟರ್ ತೆಗೆದು, ಬರೆಯದೇ ಬಿಟ್ಟಿದ್ದ ಸಮಯವನ್ನು ತುಂಬತೊಡಗಿದರು.