ಕೇಸ್ ಶೀಟಿನಲ್ಲಿ ಇಲ್ಲದ ಅಡಿಕೆ ಮರ

ಫಿಸಿಯೋಥೆರಪಿ ಓದುವಾಗ, ಬೆನ್ನುಹುರಿಗೆ ಪೆಟ್ಟಾಗಲು ಮೊದಲ ಕಾರಣ ವಾಹನ ಅಪಘಾತ ಅಂತ ಪುಸ್ತಕದಲ್ಲಿತ್ತು. ಅದು ಅಮೆರಿಕದ ಲೆಕ್ಕ. ನಾನು ಕೆಲಸಕ್ಕೆ ಸೇರಿದ್ದು ಮಲೆನಾಡಿನ ಅಂಚಿನ ಆಸ್ಪತ್ರೆಗೆ. ಇಲ್ಲಿ ಮಲಗಿದವರಲ್ಲಿ ಜಾಸ್ತಿ ಜನ ಬಿದ್ದವರು. ಅಡಿಕೆ ಮರದಿಂದ, ತೆಂಗಿನ ಮರದಿಂದ, ಹೆಂಚು ಸರಿ ಮಾಡಲು ಹತ್ತಿದ ಮಾಡಿನಿಂದ. ಕಟ್ಟೆ ಇಲ್ಲದ ಬಾವಿಗೆ ಬಿದ್ದವರೂ ಇದ್ದಾರೆ. ದೇಶದ ಬೇರೆ ಆಸ್ಪತ್ರೆಗಳ ವರದಿಗಳಲ್ಲೂ ಬಹಳ ಕಡೆ ಬೀಳುವುದೇ ಮುಂದಿದೆ. ಹೆಚ್ಚಿನವರು ಗಂಡಸರು, ದುಡಿಯುವ ವಯಸ್ಸಿನವರು.

ನಮ್ಮಲ್ಲಿ ಇದಕ್ಕೆ ಸೀಸನ್ ಕೂಡ ಇದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಬೋರ್ಡೋ ಅನ್ನೋ ಔಷಧಿ ದ್ರಾವಣ ಹೊಡೆಯಬೇಕು, ಮರ ಪಾಚಿಗಟ್ಟಿ ಜಾರುತ್ತಿರುತ್ತದೆ. ಆಮೇಲೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಅದನ್ನು ಮಾಡುವ ಕೊನೆಗೌಡರು ಒಂದು ಮರದಿಂದ ಇನ್ನೊಂದಕ್ಕೆ ಮೇಲಿಂದಲೇ ಜೀಕಿ ದಾಟುತ್ತಾರಲ್ಲ, ನೋಡೋಕೆ ಚಂದ. ಆದರೆ ಕಾಲೂರಿಯೋ ಕುಂಡೆ ಊರಿಯೋ ಬಿದ್ದರೆ ಪೆಟ್ಟು ಹೋಗಿ ನಿಲ್ಲುವುದು ಎದೆಯ ಭಾಗದ ಬೆನ್ನುಮೂಳೆ ಮುಗಿದು ಸೊಂಟದ್ದು ಶುರುವಾಗುವ ಕಡೆ. ನಮ್ಮ ಭಾಷೆಯಲ್ಲಿ ಟಿ12, ಎಲ್1 ಅನ್ನುವ ಮೂಳೆಗಳು. ಮೂಳೆ ಒಡೆದು, ಚೂರು ಹಿಂದಕ್ಕೆ ಸರಿದು ಹುರಿಯನ್ನು ಒತ್ತುತ್ತದೆ. ಕೈ ಚೆನ್ನಾಗಿಯೇ ಆಡುತ್ತದೆ. ಕಾಲು ಇರುವುದೇ ಗೊತ್ತಾಗುವುದಿಲ್ಲ. ಮೂತ್ರ ಕಟ್ಟಿರುತ್ತದೆ.

ಕೇಸ್ ಶೀಟಿನಲ್ಲಿ ಮಾತ್ರ ‘ಎತ್ತರದಿಂದ ಬಿದ್ದದ್ದು’ ಅಂತ ಒಂದೇ ಸಾಲು. ನನಗೆ ಸಿಟ್ಟು ಬರುವುದು ಇಲ್ಲೇ. ಯಾವ ಮರ? ಒದ್ದೆ ಇತ್ತಾ? ಸೊಂಟಕ್ಕೆ ಹಗ್ಗ ಇತ್ತಾ? ವಿಮೆ? ಇದ್ಯಾವುದನ್ನೂ ಬರೆಯದೆ ವರ್ಷದ ಕೊನೆಗೆ ಶೇಕಡಾ ಲೆಕ್ಕ ಹಾಕಿದರೆ ತಡೆಯೋದು ಹೇಗೆ? ಹೇಗೆ ಕರೆತಂದರು ಅನ್ನೋದಕ್ಕಂತೂ ಜಾಗವೇ ಇಲ್ಲ. ತೋಟದಿಂದ ರಸ್ತೆವರೆಗೆ ಕಂಬಳಿಯ ಜೋಲಿ, ಅಲ್ಲಿಂದ ಆಟೋದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು. ಮುರಿದ ಬೆನ್ನು ಹಾಗೆ ಮಡಚಿದರೆ, ಅಷ್ಟೋ ಇಷ್ಟೋ ಉಳಿದಿದ್ದ ಹುರಿಯೂ ಜಜ್ಜಿಹೋಗಬಹುದು.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮೂರ ಸೊಸೈಟಿ ಸಭೆಯಲ್ಲಿ ಹೇಳಿದೆ. ಬಿದ್ದವನನ್ನು ಎಬ್ಬಿಸಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾದರೆ ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರಲಿ, ಮನೆಯ ಬಾಗಿಲು ಕಳಚಿ ಅದರ ಮೇಲೆ ಮಲಗಿಸಿ ತನ್ನಿ.

ಹಿಂದೆ ಕೂತಿದ್ದ ಕೊನೆಗೌಡರೊಬ್ಬರು, "ಬಾಗಿಲು ಯಾಕೆ? ತೋಟದಲ್ಲೇ ಏಣಿ ಇರ್ತದಲ್ಲ, ಹಲಗೆ ಕಟ್ಟಿದ್ರೆ ಆಗಲ್ವಾ?" ಅಂದರು.

ಆಗುತ್ತದೆ ಅಂದೆ. ನನಗೆ ಹೊಳೆದಿರಲಿಲ್ಲ. ನೆಲದಲ್ಲಿ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ, ಆ ಉದ್ದನೆಯ ಹಗುರ ಕೋಲು, ಬಂದಿದೆಯಲ್ಲ, ಅದನ್ನೇ ಹಿಡೀಬಹುದಲ್ವಾ ಅಂತಲೂ ಕೇಳಿದೆ. ಅವರು ನಕ್ಕುಬಿಟ್ಟರು. "ದಿನವಿಡೀ ಮೇಲೆ ನೋಡ್ತಾ ನಿಂತ್ರೆ ಕುತ್ತಿಗೆ ನೋವಿಗೆ ಮತ್ತೆ ನಿಮ್ಮ ಹತ್ರಾನೇ ಬರಬೇಕು!"