ಲಾ ಯಾಕೆ ಓದಿದಿರಿ ಎಂದು ಕೇಳುವವರಿಗೆ

ಪಿಯುಸಿ ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ಹಾಸನದ ನನ್ನ ಕಚೇರಿಗೆ ಕಕ್ಷಿದಾರರು ತಮ್ಮ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಮೊಕದ್ದಮೆಯ ಮಾತು ಮುಗಿದು, ಮುಂದಿನ ವಾಯಿದೆಯ ತಾರೀಖು ಬರೆದುಕೊಂಡು, ಎದ್ದು ಹೊರಡುವ ಹೊತ್ತಿಗೆ ಆ ಪ್ರಶ್ನೆ ಬರುತ್ತದೆ: “ನೀವು ಲಾ ಯಾಕೆ ಓದಿದಿರಿ? ನಮ್ಮ ಹುಡುಗಿಯನ್ನೂ ಓದಿಸಬಹುದೇ?” ಇಷ್ಟು ವರ್ಷ ಎರಡು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸಿದ್ದೇ ಹೆಚ್ಚು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಾ ಓದಲು ಕಾರಣ ಒಂದು ರಸೀದಿ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮೂರಿನಲ್ಲಿ 1980ರ ದಶಕದಲ್ಲಿ ಹೇಮಾವತಿ ನಾಲೆಗಾಗಿ ಹಲವರ ಜಮೀನು ಹೋಯಿತು. ನಮ್ಮದು ಎರಡು ಎಕರೆ ಹನ್ನೊಂದು ಗುಂಟೆ. ಸಹಿ ಮಾಡುವಷ್ಟು ಅಕ್ಷರ ಬಲ್ಲ ಅಪ್ಪ ಪರಿಹಾರದ ಹಣ ಪಡೆದು, ತೋರಿಸಿದ ಕಡೆ ಸಹಿ ಹಾಕಿ ಬಂದರು. ಆ ಹಣ ಅಕ್ಕನ ಮದುವೆಗೆ ಆಯಿತು. ಬದುವಿನ ಆಚೆ ಬದಿಯ ಜಮೀನಿನವರೂ ಅದೇ ದಿನ ಅಷ್ಟೇ ದರದ ಹಣ ಪಡೆದಿದ್ದರು. ಆದರೆ ಅವರ ನೆಂಟರೊಬ್ಬರು ವಕೀಲರ ಬಳಿ ಗುಮಾಸ್ತರಾಗಿದ್ದುದರಿಂದ, ರಸೀದಿಯ ಮೇಲೆ ಸಹಿಗೆ ಮುಂಚೆ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಎಂದು ಬರೆದಿದ್ದರು. ಕೆಲವು ವರ್ಷಗಳ ನಂತರ ನ್ಯಾಯಾಲಯ ಅವರ ಜಮೀನಿನ ದರವನ್ನು ಎರಡು ಪಟ್ಟಿಗಿಂತ ಹೆಚ್ಚಿಸಿತು. ಒಂದೇ ಅಧಿಸೂಚನೆ, ಒಂದೇ ನಾಲೆ, ಒಂದೇ ಕಪ್ಪು ಮಣ್ಣು. ಆದರೂ ಅವರಿಗೊಂದು ಬೆಲೆ, ನಮಗೊಂದು ಬೆಲೆ ಏಕೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರಿಗೂ ವಿವರಿಸಲು ಬರಲಿಲ್ಲ. “ನಮಗೆ ಋಣ ಇರಲಿಲ್ಲ” ಎಂದು ಅವ್ವ ಹೇಳುತ್ತಿದ್ದಳು. ಆಗ ಹೈಸ್ಕೂಲಿನಲ್ಲಿದ್ದ ನನಗೆ ಆ ಉತ್ತರ ಸಾಲದೆ ಹೋಯಿತು.

ಬಿ.ಎ. ಮುಗಿಸಿ, ಮೂರು ವರ್ಷದ ಎಲ್‌ಎಲ್.ಬಿ. ಓದಿ, 2003ರಲ್ಲಿ ಸನ್ನದು ಪಡೆದು ಊರಿಗೆ ಹೋದ ದಿನ ಅಪ್ಪ ಟ್ರಂಕಿನಿಂದ ಒಂದು ಕಂದು ಲಕೋಟೆ ತೆಗೆದು, “ಇದನ್ನು ಓದಿ ಹೇಳು” ಎಂದರು. ನಾಲ್ಕು ಮಡಿಕೆಯ ಗೆರೆಯಲ್ಲಿ ಕಾಗದ ಹರಿದಿತ್ತು. ಐತೀರ್ಪಿನ (ಅಂದರೆ ಪರಿಹಾರ ಎಷ್ಟೆಂದು ಭೂಸ್ವಾಧೀನದ ಅಧಿಕಾರಿ ಹೇಳುವ ತೀರ್ಮಾನದ) ನೋಟೀಸು, ರಸೀದಿಯ ಪ್ರತಿ, ನೆರೆಯವರ ತೀರ್ಪು ಬಂದಾಗ ಯಾರೋ ಕೊಟ್ಟಿದ್ದ ಅದರ ಜೆರಾಕ್ಸ್, ಎಲ್ಲವೂ ಅದರಲ್ಲಿದ್ದವು. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನ ಪ್ರಕಾರ, ಕರ್ನಾಟಕದಲ್ಲಿ ಐತೀರ್ಪಿನ ನೋಟೀಸು ತಲುಪಿದ ತೊಂಬತ್ತು ದಿನಗಳೊಳಗೆ ಅರ್ಜಿ ಕೊಟ್ಟು ಪ್ರಕರಣವನ್ನು ನ್ಯಾಯಾಲಯಕ್ಕೆ ಕಳುಹಿಸುವಂತೆ ಕೇಳಬಹುದಿತ್ತು. ತಕರಾರಿಲ್ಲದೆ ಹಣ ಪಡೆದವರಿಗೆ ಆ ಬಾಗಿಲು ಮುಚ್ಚಿತ್ತು. ಅಲ್ಲಿಗೇ ಮುಗಿದಿದ್ದರೆ ನಾನೂ ಋಣದ ಮಾತನ್ನೇ ಒಪ್ಪಿಕೊಳ್ಳುತ್ತಿದ್ದೆನೇನೋ. ಆದರೆ 1984ರ ತಿದ್ದುಪಡಿಯಲ್ಲಿ 28-ಎ ಎಂಬ ಕಲಮನ್ನು ಸೇರಿಸಿದ್ದೇ ಅಪ್ಪನಂಥವರಿಗಾಗಿ. ಅದೇ ಅಧಿಸೂಚನೆಯ ಕೆಳಗೆ ಬೇರೊಬ್ಬರಿಗೆ ನ್ಯಾಯಾಲಯ ಹೆಚ್ಚಿನ ಪರಿಹಾರ ಕೊಟ್ಟರೆ, 18ನೇ ಕಲಮಿನ ಅರ್ಜಿ ಹಾಕದೆ ಉಳಿದವರು ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ತಮಗೂ ಅದೇ ದರ ಬೇಕೆಂದು ಕೇಳಬಹುದು. ಇದಕ್ಕೆ ಹಣವನ್ನು ತಕರಾರಿನೊಂದಿಗೆ ಪಡೆದಿರಬೇಕೆಂದೇನೂ ಇಲ್ಲ ಎಂದು ಹನ್ಸೋಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿತು.

ಅಂದರೆ ನೆರೆಯವರ ತೀರ್ಪಿನ ಜೆರಾಕ್ಸ್ ನಮ್ಮ ಮನೆಗೆ ಬಂದ ವಾರದಲ್ಲಿ, ಒಂದೇ ಹಾಳೆಯ ಒಂದು ಅರ್ಜಿ ಸಾಕಾಗಿತ್ತು. ಆ ಜೆರಾಕ್ಸ್ ಟ್ರಂಕಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿತ್ತು. ಅಪ್ಪನಿಗೆ ಇದನ್ನು ಹೇಳಬೇಕೇ ಬೇಡವೇ ಎಂದು ನಾನು ಬಹಳ ಹೊತ್ತು ಯೋಚಿಸಿದೆ, ಕೊನೆಗೆ ಹೇಳಿದೆ. ಅವರು ಲಕೋಟೆಯನ್ನು ಮೊದಲಿನಂತೆಯೇ ಮಡಿಚಿ ನನ್ನ ಕೈಗೆ ಕೊಟ್ಟರು. ಅದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಆದ್ದರಿಂದ “ಹುಡುಗಿ ಚೆನ್ನಾಗಿ ಮಾತನಾಡುತ್ತಾಳೆ, ಲಾಯರ್ ಆಗಲಿ” ಎಂದು ತಂದೆತಾಯಿ ಹೇಳಿದಾಗ, ಅವಳು ಚೆನ್ನಾಗಿ ಓದುತ್ತಾಳೆಯೇ ಎಂದು ನಾನು ಕೇಳುತ್ತೇನೆ. ಅಂಕದ ಲೆಕ್ಕದ ಓದನ್ನು ಕೇಳುತ್ತಿಲ್ಲ. ಒಂದು ಪಾಲುವಿಭಾಗದ ದಾವೆಯಲ್ಲಿ ವಂಶವೃಕ್ಷ, ಮೂವತ್ತು ವರ್ಷದ ಪಹಣಿ, ಖಾತೆ ಬದಲಾವಣೆಯ ಮ್ಯುಟೇಷನ್, ಹಳೆಯ ಕ್ರಯಪತ್ರದ ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ಇವನ್ನೆಲ್ಲ ಎದುರಿಗಿಟ್ಟುಕೊಂಡು, ಪೂರ್ವಕ್ಕೆ ಹಳ್ಳ ಎಂದಿದ್ದದ್ದು ಯಾವ ವರ್ಷದಿಂದ ಪೂರ್ವಕ್ಕೆ ದಾರಿ ಎಂದಾಯಿತು ಎಂದು ಹುಡುಕುವ ತಾಳ್ಮೆಯ ಓದು ಅದು. ವಾದ ಮಾಡುವುದು ಹದಿನೈದು ನಿಮಿಷ. ಅದರ ಹಿಂದೆ ಇಂಥ ಹಲವು ಸಂಜೆಗಳು ಇರುತ್ತವೆ. ಈ ಓದು ಬೇಸರ ತರಿಸದವರಿಗೆ ವೃತ್ತಿ ಹಿಡಿಸುತ್ತದೆ.

ಓದಿನ ದಾರಿ ಕಷ್ಟದ್ದಲ್ಲ. ಪಿಯುಸಿ ನಂತರ ಐದು ವರ್ಷ, ಇಲ್ಲವೇ ಪದವಿಯ ನಂತರ ಮೂರು ವರ್ಷ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಂತರ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮತ್ತು ಅಖಿಲ ಭಾರತ ವಕೀಲರ ಪರೀಕ್ಷೆ. ಕಷ್ಟ ಇರುವುದು ಹಿರಿಯರ ಕಚೇರಿಯ ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಕಿರಿಯ ವಕೀಲರಿಗೆ ಗ್ರಾಮೀಣ ಭಾಗದಲ್ಲಿ ತಿಂಗಳಿಗೆ ಕನಿಷ್ಠ 15,000 ರೂಪಾಯಿ, ನಗರದಲ್ಲಿ 20,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ. ಬಸ್ಸಿನ ಖರ್ಚನ್ನೂ ಮನೆಯಿಂದಲೇ ತರುವ ಪ್ರತಿಭಾವಂತ ಹುಡುಗರು ಎರಡನೇ ವರ್ಷಕ್ಕೇ ವೃತ್ತಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದನ್ನು ಕಂಡು ನನಗೆ ಬಹಳ ನೋವಾಗಿದೆ. ಹಿರಿಯರಾದ ನಾವು ಇದನ್ನು ಸರಿಪಡಿಸಲೇಬೇಕು. ನ್ಯಾಯಾಧೀಶರಾಗುವ ಆಸೆಯಿರುವವರೂ ಈ ವರ್ಷಗಳನ್ನು ದಾಟಲೇಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ.

1894ರ ಕಾಯ್ದೆಯ ಜಾಗದಲ್ಲಿ ಈಗ 2013ರ ಕಾಯ್ದೆಯಿದೆ. 28-ಎ ಕಲಮು ಅದರಲ್ಲಿ 73ನೇ ಕಲಮಾಗಿ ಉಳಿದಿದೆ, ಮೂರು ತಿಂಗಳ ಗಡುವೂ ಉಳಿದಿದೆ. ಕೆಲವು ತಿಂಗಳ ಹಿಂದೆ ಅರಸೀಕೆರೆ ಕಡೆಯ ಹೆಣ್ಣುಮಗಳೊಬ್ಬರು ಮಗನ ಜಾತಿ ಪ್ರಮಾಣಪತ್ರದ ವಿಚಾರ ಕೇಳಲು ಬಂದವರು, ಚೀಲದಲ್ಲಿದ್ದ ಇನ್ನೊಂದು ಕಾಗದವನ್ನೂ ಮೇಜಿನ ಮೇಲಿಟ್ಟು, “ಇದೇನೋ ಪಕ್ಕದ ಹೊಲದವರದ್ದಂತೆ, ನಮಗೆ ಸಂಬಂಧ ಇಲ್ಲ ಅಂದರು” ಎಂದರು. ನಾನು ಮೊದಲು ನೋಡಿದ್ದು ಕೊನೆಯ ಪುಟದ ತಾರೀಖನ್ನು. ಒಂಬತ್ತು ದಿನ ಬಾಕಿ ಇತ್ತು. ನನ್ನ ಬಳಿ ಹೊಸದಾಗಿ ಸೇರಿದ್ದ ಕಿರಿಯ ವಕೀಲೆಯನ್ನು ಕೂರಿಸಿಕೊಂಡು ಸಂಜೆಗೆ ಅರ್ಜಿ ಸಿದ್ಧಮಾಡಿದೆವು, ಮರುದಿನ ಬೆಳಿಗ್ಗೆ ಆ ಹುಡುಗಿಯೇ ಹೋಗಿ ಸಲ್ಲಿಸಿ, ಸ್ವೀಕೃತಿಯ ಮೊಹರಿರುವ ಪ್ರತಿಯನ್ನು ತಂದು ಅವರ ಕೈಗೆ ಕೊಟ್ಟಳು.